ಮೊದಲು ಹಲ್ಲಾ, ಮೊದಲು ಶುಗರಾ? ಒಂದು ಪ್ರಕರಣದ ಪೂರ್ತಿ ವಿವರ

ಸಕ್ಕರೆ ಕಾಯಿಲೆ ಇರುವವರ ಹಲ್ಲು ಕೀಳುವ ವಿಷಯದಲ್ಲಿ ನಮ್ಮ ಕಡೆ ಎರಡು ಮಾತು ಓಡಾಡುತ್ತವೆ. ಒಂದು, ಶುಗರ್ ಇದ್ದವರು ಹಲ್ಲು ಕೀಳಿಸಲೇಬಾರದು, ಗಾಯ ಮಾಯೋದಿಲ್ಲ. ಇನ್ನೊಂದು, ಆಂಟಿಬಯಾಟಿಕ್ ನುಂಗಿಕೊಂಡರೆ ಸಾಕು, ಯಾವಾಗ ಬೇಕಾದರೂ ಕೀಳಿಸಬಹುದು. ಎರಡೂ ತಪ್ಪು. ಹೇಗೆ ತಪ್ಪು ಅನ್ನೋದು ಈ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಮೊದಲಿಂದ ಕೊನೆವರೆಗೆ ಬರೆದಿಡುತ್ತಿದ್ದೇನೆ. ಯಾರು ಅಂತ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

58 ವರ್ಷದ ಹೆಂಗಸು. ತಿಪಟೂರು ಕಡೆಯ ಹಳ್ಳಿ. ತೆಂಗಿನ ತೋಟ, ಎರಡು ಹಸು. ಸಕ್ಕರೆ ಕಾಯಿಲೆ ಗೊತ್ತಾಗಿ 9 ವರ್ಷ. ತಾಲ್ಲೂಕು ಆಸ್ಪತ್ರೆಯಲ್ಲಿ ಕೊಡುವ ಮೆಟ್‌ಫಾರ್ಮಿನ್ ಎರಡು ಹೊತ್ತು, ಗ್ಲಿಮೆಪಿರೈಡ್ 1 ಮಿ.ಗ್ರಾಂ ಬೆಳಗ್ಗೆ. ಬಿಪಿಗೆ ಒಂದು ಗುಳಿಗೆ. ಊಟ ಆದ ಮೇಲೆ ಎಲೆ ಅಡಿಕೆ, ಅದರ ಜೊತೆ ಚೂರು ಹೊಗೆಸೊಪ್ಪು. ಸೊಸೆ ಜೊತೆಗೆ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬಂದಿದ್ದರು.

ಕೆಳದವಡೆಯ ಬಲಗಡೆ ಮೊದಲನೇ ದವಡೆ ಹಲ್ಲು ಹುಳುಕು ಹಿಡಿದು ಅರ್ಧ ಉದುರಿತ್ತು. ಪಕ್ಕದ ವಸಡು ಊದಿತ್ತು. ಕೆನ್ನೆಯ ಮೇಲೂ ಊತ ಕಾಣುತ್ತಿತ್ತು. ಕುರ್ಚಿಯಲ್ಲಿ ಕೂತವರೇ ಶುರು ಮಾಡಿದರು: "ಡಾಕ್ಟ್ರೇ, ಹಲ್ಲಿನ ಡಾಕ್ಟ್ರ ಹತ್ರ ಹೋದ್ರೆ ಶುಗರ್ ಜಾಸ್ತಿ ಐತೆ, ಇಳಿಸ್ಕೊಂಡು ಬಾ ಅಂತಾರೆ. ಶುಗರ್ ಡಾಕ್ಟ್ರ ಹತ್ರ ಹೋದ್ರೆ ಬಾಯಲ್ಲಿ ಕೀವು ಐತೆ, ಮೊದಲು ಹಲ್ಲು ಕೀಳಿಸ್ಕೊಂಡು ಬಾ ಅಂತಾರೆ. ನಾನೇನು ಬಸ್ಸಲ್ಲೇ ಓಡಾಡ್ಕೊಂಡಿರ್ಲಾ?"

ಅವರ ಸಿಟ್ಟು ಸರಿಯಾಗೇ ಇತ್ತು. ಇಬ್ಬರು ಡಾಕ್ಟರೂ ಪುಸ್ತಕದ ಪ್ರಕಾರ ಸರಿ. ಆದರೆ ಇಬ್ಬರ ಮಧ್ಯೆ ಒಂದು ಫೋನ್ ಹೋಗಿರಲಿಲ್ಲ. ಅಷ್ಟರಲ್ಲಿ 10 ದಿನ ಕಳೆದಿತ್ತು.

ಕ್ಲಿನಿಕ್ಕಿನಲ್ಲೇ ಬೆರಳು ಚುಚ್ಚಿ ನೋಡಿದಾಗ ಶುಗರ್ 312. ಜೊತೆಗೆ ತಂದಿದ್ದ ಚೀಟಿಯಲ್ಲಿ ಎಚ್‌ಬಿಎ1ಸಿ 9.8. ಈ ಎರಡು ಅಂಕಿ ಬೇರೆ ಬೇರೆ ಕತೆ ಹೇಳುತ್ತವೆ. ಬೆರಳು ಚುಚ್ಚಿ ನೋಡುವುದು ಈ ಹೊತ್ತಿನ ಸಕ್ಕರೆ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ. ಬಹಳ ಜನರಿಗೆ ಅದು 7ರ ಆಸುಪಾಸಿನಲ್ಲಿರಲಿ ಅಂತ ಡಾಕ್ಟರು ಬಯಸುತ್ತಾರೆ. 9.8 ಅಂದರೆ ತಿಂಗಳುಗಳಿಂದಲೇ ಹಿಡಿತ ತಪ್ಪಿದೆ. ಆದರೆ 9.8ಕ್ಕೆ ಸಿಗುವ ಸರಾಸರಿ ಸಕ್ಕರೆ ಸುಮಾರು 235. ಈಗ ಅದಕ್ಕಿಂತ ಎಷ್ಟೋ ಮೇಲಿದೆ. ಹಾಗಾದರೆ ಈಚೆಗೆ ಇನ್ನೇನೋ ಸೇರಿಕೊಂಡಿದೆ ಅಂತ ಅನುಮಾನ ಬಂತು.

ಒಂದು, ಕೀವು. ಮೈಯಲ್ಲಿ ಎಲ್ಲಿ ಸೋಂಕಿದ್ದರೂ ಅದನ್ನು ಎದುರಿಸಲು ದೇಹ ಕೆಲವು ಹಾರ್ಮೋನು ಬಿಡುತ್ತದೆ. ಅವು ಸಕ್ಕರೆಯನ್ನು ಮೇಲಕ್ಕೆ ತಳ್ಳುತ್ತವೆ, ಇನ್ಸುಲಿನ್ ಕೆಲಸ ಮಾಡದಂತೆ ತಡೆಯುತ್ತವೆ. ಎರಡನೆಯದು ಸೊಸೆಯ ಬ್ಯಾಗಿನಲ್ಲಿತ್ತು.

"ನೋವಿಗೆ ಏನಾದ್ರೂ ತಗೊಂಡ್ರಾ?" ಅಂತ ಕೇಳಿದ್ದಕ್ಕೆ ಸೊಸೆ ಒಂದು ಪುಟ್ಟ ಕಾಗದದ ಕವರ್ ತೆಗೆದರು. ಒಳಗೆ ಸ್ಟ್ರಿಪ್ಪಿನಿಂದ ಕತ್ತರಿಸಿದ ಒಂದು ಉದ್ದ ಮಾತ್ರೆ, ಒಂದು ಗುಂಡನೆಯದು, ಮತ್ತೆ ಯಾವ ಹೆಸರೂ ಇಲ್ಲದ ಸಾಸಿವೆಗಿಂತ ಸ್ವಲ್ಪ ದೊಡ್ಡದೊಂದು ಬಿಳಿ ಗುಳಿಗೆ. "ಮೆಡಿಕಲ್ ಶಾಪಲ್ಲಿ ಹಲ್ಲುನೋವಿನ ಸೆಟ್ ಅಂತ ಕೊಟ್ರು. ಬೆಳಗ್ಗೆ ಒಂದು ಸೆಟ್, ರಾತ್ರಿ ಒಂದು ಸೆಟ್." ನಾಲ್ಕು ದಿನದಿಂದ ನುಂಗುತ್ತಿದ್ದರು. ಅಂಗಡಿಗೆ ಫೋನ್ ಮಾಡಿಸಿ ಕೇಳಿದೆವು. ಉದ್ದನೆಯದು ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಅನ್ನುವ ಎರಡು ಆಂಟಿಬಯಾಟಿಕ್ ಕೂಡಿಸಿದ್ದು. ಗುಂಡನೆಯದು ನೋವಿನದು, ಡೈಕ್ಲೋಫೆನಾಕ್. ಆ ಪುಟ್ಟದು ಡೆಕ್ಸಾಮೆಥಾಸೋನ್.

ಡೆಕ್ಸಾಮೆಥಾಸೋನ್ ಸ್ಟೆರಾಯ್ಡ್. ಊತ ಬೇಗ ಇಳಿಯುತ್ತದೆ, ನೋವು ಕಮ್ಮಿ ಆದಂತೆ ಅನಿಸುತ್ತದೆ, ಅದಕ್ಕೇ ಈ ಸೆಟ್‌ಗಳಿಗೆ ಇಷ್ಟು ಒಳ್ಳೆ ಹೆಸರು. ಆದರೆ ಸಕ್ಕರೆ ಕಾಯಿಲೆಯವರಲ್ಲಿ ಅದು ಶುಗರನ್ನು ಎತ್ತಿ ಕೂರಿಸುತ್ತದೆ. ಸೋಂಕಿನ ಜೊತೆ ಹೋರಾಡುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಆಫ್ಲಾಕ್ಸಸಿನ್ ಗುಂಪಿನ ಔಷಧಿಗಳದ್ದು ಇನ್ನೊಂದು ತಕರಾರು. ಅವು ಸಕ್ಕರೆಯನ್ನು ಏರಿಸಲೂಬಹುದು, ದಿಢೀರ್ ಇಳಿಸಲೂಬಹುದು. ಗ್ಲಿಮೆಪಿರೈಡ್ ನುಂಗುವವರಲ್ಲಿ ಇಳಿಯುವ ಭಯ ಜಾಸ್ತಿ. ಇದೇ ಗುಂಪಿನ ಗ್ಯಾಟಿಫ್ಲಾಕ್ಸಸಿನ್ ಮಾತ್ರೆಯನ್ನು ನಮ್ಮ ದೇಶದಲ್ಲಿ 2011ರಲ್ಲಿ ನಿಷೇಧಿಸಿದ್ದಕ್ಕೆ ಸಕ್ಕರೆಯ ಈ ಏರುಪೇರೂ ಒಂದು ಕಾರಣ. ಹಲ್ಲಿನ ಕೀವಿಗೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ಆದರೂ ಈ ಸೆಟ್ ಪ್ರತಿ ಊರಲ್ಲೂ ಸಿಗುತ್ತದೆ. ನನಗೆ ಕೇಳಿದರೆ, ಸಕ್ಕರೆ ಕಾಯಿಲೆಯವರ ಬಾಯಿಗೆ ಹುಳುಕು ಹಲ್ಲಿಗಿಂತ ಈ ಕಾಗದದ ಕವರೇ ಜಾಸ್ತಿ ಅಪಾಯ.

ಕವರ್ ಅಲ್ಲೇ ಕಸದ ಬುಟ್ಟಿಗೆ ಹೋಯಿತು.

ಅವತ್ತೇ ಕೀಳಬೇಕಿತ್ತಾ?

ಇಲ್ಲಿ ತೀರ್ಮಾನ ಮಾಡಬೇಕಾದದ್ದು ಎರಡು. ಸೋಂಕು ಹರಡುತ್ತಿದೆಯಾ? ಇವತ್ತು ಏನು ಮಾಡಿದರೆ ಈ ಸುತ್ತಾಟ ನಿಲ್ಲುತ್ತದೆ?

ಹರಡುವ ಲಕ್ಷಣ ನೋಡಲು ದೊಡ್ಡ ಯಂತ್ರ ಬೇಡ. ಬಾಯಿ ತೆರೆಸಿ ಎಷ್ಟು ಬೆರಳು ಹಿಡಿಸುತ್ತದೆ ನೋಡಿದೆ. ಎರಡೂವರೆ ಬೆರಳು, ಭಯಪಡುವಷ್ಟು ಕಮ್ಮಿಯಲ್ಲ. ನಾಲಿಗೆಯ ಕೆಳಗಿನ ಜಾಗ ಒತ್ತಿ ನೋಡಿದೆ, ಮೆತ್ತಗಿತ್ತು. ನೀರು ನುಂಗಿಸಿದೆ, ತೊಂದರೆ ಇಲ್ಲ. ಜ್ವರ 99.4. ಮಾತು ಸ್ಪಷ್ಟ. ಕತ್ತಿನ ಕಡೆ ಊತ ಇಳಿದಿರಲಿಲ್ಲ.

ಕೆಳದವಡೆಯ ಹಿಂದಿನ ಹಲ್ಲುಗಳ ಬೇರು ಗದ್ದದ ಕೆಳಗಿನ, ನಾಲಿಗೆ ಅಡಿಯ ಜಾಗಕ್ಕೆ ಹತ್ತಿರ. ಅಲ್ಲಿ ಕೀವು ಇಳಿದರೆ ನಾಲಿಗೆ ಮೇಲಕ್ಕೆ ಒತ್ತಿಕೊಂಡು ಉಸಿರೇ ಕಟ್ಟಬಹುದು. ಇದಕ್ಕೆ ಲುಡ್ವಿಗ್ಸ್ ಆಂಜೈನಾ ಅಂತ ಹೆಸರು, 1836ರಲ್ಲಿ ಇದನ್ನು ವಿವರಿಸಿದ ಜರ್ಮನ್ ಡಾಕ್ಟರ ಹೆಸರು. ಎದೆನೋವಿಗೂ ಇದಕ್ಕೂ ಸಂಬಂಧ ಇಲ್ಲ. ಸಕ್ಕರೆ ಹಿಡಿತದಲ್ಲಿ ಇಲ್ಲದವರಲ್ಲಿ ಇದು ಗಂಟೆಗಳಲ್ಲಿ ಕೈ ಮೀರಬಹುದು. ಆ ಲಕ್ಷಣ ಇದ್ದಿದ್ದರೆ ಶುಗರ್ 312 ಇರಲಿ, 412 ಇರಲಿ, ಅವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದೆ. ಅಲ್ಲಿ ಡ್ರಿಪ್, ಇನ್ಸುಲಿನ್ ಒಂದು ಕಡೆ ನಡೆಯುತ್ತಿರುವಾಗಲೇ ಕೀವು ತೆಗೆದು ಹಲ್ಲನ್ನೂ ಕೀಳುತ್ತಾರೆ. ಹರಡುತ್ತಿರುವ ಸೋಂಕಿಗೆ "ಶುಗರ್ ಇಳಿಯಲಿ" ಅನ್ನುವ ಮಾತೇ ಇಲ್ಲ.

ಇವರಿಗೆ ಆ ಹಂತ ಬಂದಿರಲಿಲ್ಲ. ಹಾಗಂತ ಬರಿಗೈಯಲ್ಲಿ ಕಳಿಸಿದರೆ ಮತ್ತದೇ ಬಸ್ಸು. ಕೀವು ಇರುವ ತನಕ ಶುಗರ್ ಇಳಿಯಲ್ಲ. ಶುಗರ್ ಇಳಿಯುವ ತನಕ ಯಾರೂ ಹಲ್ಲು ಮುಟ್ಟಲ್ಲ. ಇದನ್ನು ಬಿಡಿಸಲು ಇರುವ ದಾರಿ ಸುಲಭದ್ದೇ: ಹಲ್ಲು ಇರಲಿ, ಕೀವು ಹೋಗಲಿ. ವಸಡಿನ ಪಕ್ಕ ಮೆತ್ತಗಾಗಿದ್ದ ಜಾಗ ಮರಗಟ್ಟಿಸಿ ಸಣ್ಣದಾಗಿ ಕೊಯ್ದೆ. ಸುಮಾರು ಒಂದು ಚಮಚದಷ್ಟು ಕೀವು ಬಂತು. ಸಲೈನ್ ಹಾಕಿ ತೊಳೆದೆ. ಹತ್ತು ದಿನದಿಂದ ಹಿಂಡುತ್ತಿದ್ದ ನೋವು ಕುರ್ಚಿಯಲ್ಲೇ ಅರ್ಧ ಇಳಿಯಿತು.

ಆಂಟಿಬಯಾಟಿಕ್ ಐದು ದಿನಕ್ಕೆ ಬರೆದೆ, ಅಮಾಕ್ಸಿಸಿಲಿನ್ ಜೊತೆ ಮೆಟ್ರೊನಿಡಜೋಲ್. ಪೆನಿಸಿಲಿನ್ ಅಲರ್ಜಿ ಇಲ್ಲ ಅಂತ ಮೊದಲೇ ಕೇಳಿದ್ದೆ. ಇದು ಮುಂದೆ ಬರಬಹುದಾದ ಸೋಂಕಿಗೆ ಅಲ್ಲ, ಆಗಲೇ ಇದ್ದ ಸೋಂಕಿಗೆ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಬಹಳ ವರ್ಷ ಸಕ್ಕರೆ ಕಾಯಿಲೆ ಇರುವವರಲ್ಲಿ ಕಿಡ್ನಿ ಗೊತ್ತಿಲ್ಲದೇ ಸೊರಗಿರಬಹುದು, ಡೈಕ್ಲೋಫೆನಾಕ್‌ನಂಥ ಮಾತ್ರೆ ಅದಕ್ಕೆ ಮತ್ತಷ್ಟು ಏಟು.

ಆಮೇಲೆ ಅವರ ಶುಗರ್ ಡಾಕ್ಟರಿಗೆ ಫೋನ್ ಮಾಡಿದೆ. ಕೀವು ತೆಗೆದಿದೆ, ಸ್ಟೆರಾಯ್ಡ್ ನಿಲ್ಲಿಸಿದೆ, ಆರನೇ ದಿನ ಕೀಳುವ ಯೋಚನೆ ಇದೆ ಅಂದೆ. ಸಂಜೆಯೇ ಅವರು ಕರೆಸಿ ನೋಡಿದರು. ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ತೀರಾ ಸಾಲದಾದಾಗ ಕಾಣುವ ಅಪಾಯದ ಗುರುತು) ಇಲ್ಲ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಸರಿ ಇದೆ. ಗ್ಲಿಮೆಪಿರೈಡ್ 2 ಮಿ.ಗ್ರಾಂ ಮಾಡಿ, ರಾತ್ರಿಗೆ ಸ್ವಲ್ಪ ಇನ್ಸುಲಿನ್ ಶುರು ಮಾಡಿದರು. ಫೋನಿನ ಮಾತು ನಾಲ್ಕು ನಿಮಿಷ ಆಗಿರಬಹುದು.

ಯಾವ ಅಂಕಿಗೆ ಕೀಳಬಹುದು ಅಂತ ಎಲ್ಲರೂ ಕೇಳುತ್ತಾರೆ. ಎಲ್ಲರೂ ಒಪ್ಪಿರುವ ಒಂದೇ ಗೆರೆ ಇಲ್ಲ. ಅವಸರ ಇಲ್ಲದ ಹಲ್ಲಾದರೆ 200ರ ಆಸುಪಾಸು ಅಥವಾ ಕೆಳಗೆ ಇರಲಿ ಅಂತ ಬಹಳ ದಂತವೈದ್ಯರು ನೋಡಿಕೊಳ್ಳುತ್ತಾರೆ. ನಾನೂ ಅಷ್ಟೇ. 70ಕ್ಕಿಂತ ಕೆಳಗಿದ್ದರೆ ಮುಟ್ಟುವುದೇ ಇಲ್ಲ. ಎಚ್‌ಬಿಎ1ಸಿ ಇಳಿಯಲು ತಿಂಗಳುಗಟ್ಟಲೆ ಬೇಕು, ಕೀವಿನ ಹಲ್ಲಿಗೆ ಅಷ್ಟು ದಿನ ಕಾಯಲಾಗದು. ಅವಸರ ಇಲ್ಲದ ಹಲ್ಲಿಗೆ ಕಾಯಬಹುದು.

ಶುಗರ್ ಜಾಸ್ತಿ ಇದ್ದಾಗ ಗಾಯ ಯಾಕೆ ಕೆಡುತ್ತದೆ ಅನ್ನೋದನ್ನೂ ಹೇಳಿಬಿಡುತ್ತೇನೆ. ಸೋಂಕು ಬಂದ ಜಾಗಕ್ಕೆ ಮೊದಲು ಓಡಿ ಬರುವುದು ರಕ್ತದ ಬಿಳಿ ಕಣಗಳು. ಸಕ್ಕರೆ ತುಂಬಿದ ರಕ್ತದಲ್ಲಿ ಅವು ನಿಧಾನ ಆಗುತ್ತವೆ, ರೋಗಾಣು ಸಿಕ್ಕಿದರೂ ಸರಿಯಾಗಿ ನುಂಗಿ ಹಾಕಲ್ಲ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಸಣ್ಣ ರಕ್ತನಾಳಗಳು ಕೆಟ್ಟು ಗಾಯಕ್ಕೆ ರಕ್ತವೇ ಸರಿಯಾಗಿ ಸಿಗುವುದಿಲ್ಲ. ಗಾಯ ಕೂಡಿಸುವ ಕೊಲಾಜನ್ ಕೂಡ ಗಟ್ಟಿಯಾಗಿ ಬೆಳೆಯುವುದಿಲ್ಲ. ಜೊತೆಗೆ ಬಾಯಿ ಒಣಗುತ್ತದೆ. ಎಂಜಲು ಕಮ್ಮಿ ಅಂದರೆ ಬಾಯಿ ತೊಳೆಯುವ ನೀರೇ ಕಮ್ಮಿ. ಹಲ್ಲು ಕಿತ್ತ ಗಾಯ ಬೇರೆ ಗಾಯದ ಹಾಗೆ ಪಟ್ಟಿ ಕಟ್ಟಿ ಮುಚ್ಚಿಡುವಂಥದ್ದಲ್ಲ. ಅನ್ನ, ಎಂಜಲು, ಕ್ರಿಮಿ ಎಲ್ಲದರ ಮಧ್ಯೆಯೇ ಮಾಯಬೇಕು. ಅಲ್ಲಿ ಹೆಪ್ಪುಗಟ್ಟಿದ ರಕ್ತ ಒಂದೇ ಅದರ ಮುಚ್ಚಳ.

ಆರನೇ ದಿನ

ಬೆಳಗ್ಗೆ ಒಂಬತ್ತೂವರೆಗೆ ಬರಹೇಳಿದ್ದೆ. ಹಲ್ಲು ಕೀಳಿಸಲು ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತ ನಮ್ಮ ಜನ ಗಟ್ಟಿಯಾಗಿ ನಂಬಿದ್ದಾರೆ. ಜಾಗ ಮಾತ್ರ ಮರಗಟ್ಟಿಸಿ ಕೀಳುವಾಗ ಹಾಗೆ ಬರಲೇಬಾರದು. ಅದರಲ್ಲೂ ಗ್ಲಿಮೆಪಿರೈಡ್, ಇನ್ಸುಲಿನ್ ತಗೊಳ್ಳುವವರು ಉಪವಾಸ ಬಂದರೆ ಕುರ್ಚಿಯಲ್ಲೇ ಶುಗರ್ ಇಳಿದು ತಲೆ ಸುತ್ತಿ ಬೀಳಬಹುದು. ಸೊಸೆಗೆ ಎರಡು ಸಲ ಹೇಳಿ ಕಳಿಸಿದ್ದೆ: ತಿಂಡಿ ತಿನ್ನಿಸಿ, ಮಾತ್ರೆ ಎಂದಿನಂತೆ ಕೊಡಿ. ಉಪ್ಪಿಟ್ಟು ತಿಂದು ಬಂದಿದ್ದರು. ಶುಗರ್ 178. ಬೆಳಗ್ಗೆ ತಿಂಡಿಗೆ ಮುಂಚೆ 131 ಇತ್ತಂತೆ. ಕೆನ್ನೆಯ ಊತ ಪೂರ್ತಿ ಇಳಿದಿತ್ತು.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಒಂದು ನಿಮಿಷ ಬಾಯಲ್ಲಿ ಇಟ್ಟುಕೊಳ್ಳಲು ಹೇಳಿದೆ. ಬಾಯಲ್ಲಿ ಕ್ರಿಮಿ ಕಮ್ಮಿ ಇದ್ದಷ್ಟೂ ಒಳ್ಳೆಯದು. ಮರಗಟ್ಟಿಸಲು ಅಡ್ರಿನಲಿನ್ ಇರುವ ಲಿಗ್ನೊಕೇನ್ ಬಳಸಿದೆ. ಅಡ್ರಿನಲಿನ್ ಶುಗರ್ ಏರಿಸುತ್ತದೆ ಅಂತ ಕೆಲವರು ಹೆದರುತ್ತಾರೆ. ಹಲ್ಲಿಗೆ ಕೊಡುವ ಅಳತೆಯಲ್ಲಿ ಅದು ಲೆಕ್ಕಕ್ಕಿಲ್ಲ. ಸರಿಯಾಗಿ ಮರಗಟ್ಟದೆ ನೋವು ತಿಂದರೆ ದೇಹವೇ ಅದಕ್ಕಿಂತ ಜಾಸ್ತಿ ಅಡ್ರಿನಲಿನ್ ಬಿಡುತ್ತದೆ.

ಕೀಳುವಾಗ ನಾನು ಜಗ್ಗಾಡಲಿಲ್ಲ. ಹಲ್ಲಿನ ತಲೆ ಆಗಲೇ ಉದುರಿತ್ತು, ಇಕ್ಕಳ ಕೂರುವಷ್ಟು ಜಾಗ ಇರಲಿಲ್ಲ. ಎರಡು ಬೇರನ್ನು ಮಧ್ಯದಲ್ಲಿ ಕೊರೆದು ಬೇರೆ ಮಾಡಿ ಒಂದೊಂದಾಗಿ ತೆಗೆದೆ. ಮೂಳೆ ಎಷ್ಟು ಕಮ್ಮಿ ನಲುಗುತ್ತದೋ ಗಾಯ ಅಷ್ಟು ಬೇಗ ಮಾಯುತ್ತದೆ. ಕುಳಿಯ ತಳದಲ್ಲಿದ್ದ ಸೋಂಕಿನ ಗಂಟನ್ನು ಮೆಲ್ಲಗೆ ಕೆರೆದು ತೆಗೆದೆ, ಸಲೈನ್‌ನಲ್ಲಿ ತೊಳೆದೆ, ಚೂಪಾಗಿದ್ದ ಮೂಳೆಯ ಅಂಚು ನಯ ಮಾಡಿದೆ. ಆಮೇಲೆ ಎರಡು ಹೊಲಿಗೆ. ಬೇರೆಯವರಿಗಾದರೆ ಈ ಜಾಗಕ್ಕೆ ಎಷ್ಟೋ ಸಲ ಹೊಲಿಗೆ ಹಾಕುವುದಿಲ್ಲ. ಇವರಿಗೆ ರಕ್ತದ ಆ ಮುಚ್ಚಳ ಜಾಗ ಬಿಡಬಾರದು ಅಂತ ಹಾಕಿದೆ.

ಇನ್ನು ಆಂಟಿಬಯಾಟಿಕ್ ಪ್ರಶ್ನೆ. ಐದು ದಿನದ ಕೋರ್ಸ್ ಮುಗಿದಿತ್ತು. ಇನ್ನೂ ಮೂರು ದಿನ ಮುಂದುವರಿಸಿದೆ. ಆರು ದಿನದ ಹಿಂದಷ್ಟೇ ಕೀವು ಇದ್ದ ಜಾಗ, ಎಚ್‌ಬಿಎ1ಸಿ 9.8. ಇದು ಈ ರೋಗಿಗೆ ಮಾಡಿದ ತೀರ್ಮಾನ. ಇದನ್ನು ಶುಗರ್ ಇರುವ ಎಲ್ಲರಿಗೂ ನಿಯಮ ಅಂತ ತಗೊಳ್ಳಬೇಡಿ. ಹಲ್ಲು ಕಿತ್ತಾಗ ಮುನ್ನೆಚ್ಚರಿಕೆಗೆ ಆಂಟಿಬಯಾಟಿಕ್ ಕೊಡುವ ಬಗ್ಗೆ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2021ರ ಪರಾಮರ್ಶೆ ಇದೆ. ಮುಖ್ಯವಾಗಿ ಬುದ್ಧಿಹಲ್ಲು ತೆಗೆಸಿಕೊಂಡ ಆರೋಗ್ಯವಂತರ ಮೇಲಿನ ಪ್ರಯೋಗಗಳು ಅವು. ಒಬ್ಬರ ಸೋಂಕು ತಪ್ಪಿಸಲು ಸುಮಾರು 19 ಜನಕ್ಕೆ ಮಾತ್ರೆ ಕೊಡಬೇಕಾಗುತ್ತದೆ ಅನ್ನುತ್ತದೆ ಅದು. ಸಕ್ಕರೆ ಕಾಯಿಲೆಯಂಥ ತೊಂದರೆ ಇರುವವರ ಮೇಲೆ ಅಂಥ ಪ್ರಯೋಗಗಳೇ ಅದರಲ್ಲಿ ಸಿಕ್ಕಿಲ್ಲ. ಎಚ್‌ಬಿಎ1ಸಿ 6.8 ಇರುವ, ಕೀವಿಲ್ಲದ ಒಬ್ಬರು ಅಲುಗಾಡುವ ಹಲ್ಲು ಕೀಳಿಸಲು ಬಂದರೆ ನಾನು ಒಂದು ಆಂಟಿಬಯಾಟಿಕ್ಕನ್ನೂ ಬರೆಯುವುದಿಲ್ಲ. ಅವರು ಬೇಜಾರು ಮಾಡಿಕೊಳ್ಳುತ್ತಾರೆ, ಅದು ಬೇರೆ ಮಾತು.

ಮನೆಗೆ ಕಳಿಸುವಾಗ

ಸಲಹೆ ಕೊಟ್ಟದ್ದು ಸೊಸೆಗೆ. ರೋಗಿಯ ಬಾಯಲ್ಲಿ ಹತ್ತಿ ಇತ್ತು, ಮಾತಾಡುವ ಹಾಗಿರಲಿಲ್ಲ. ಇದು ಒಂದು ಲೆಕ್ಕಕ್ಕೆ ಒಳ್ಳೆಯದೇ, ವಾದ ಇರಲ್ಲ.

ಹತ್ತಿ ಮುಕ್ಕಾಲು ಗಂಟೆ ಕಚ್ಚಿಕೊಂಡಿರಲಿ. ಇವತ್ತು ಉಗುಳಬಾರದು, ಮುಕ್ಕಳಿಸಬಾರದು, ಎಂಜಲು ನುಂಗಲಿ. ಸ್ಟ್ರಾದಲ್ಲಿ ಎಳನೀರು ಹೀರಬಾರದು. ಹೀರಿದರೆ ಹೆಪ್ಪು ಎದ್ದು ಬರುತ್ತದೆ. ಬಿಸಿ ಉಪ್ಪಿನ ಶಾಖ ಬೇಡ. ನಾಳೆಯಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟ ಆದ ಮೇಲೆಲ್ಲ ಬಾಯಲ್ಲಿ ತುಂಬಿಕೊಂಡು ಸುಮ್ನೆ ಬಿಟ್ಟುಬಿಡಲಿ. ಗಾಯದ ಜಾಗ ಬಿಟ್ಟು ಉಳಿದ ಹಲ್ಲು ಎಂದಿನಂತೆ ಉಜ್ಜಲಿ.

"ಐಸ್‌ಕ್ರೀಮ್ ಕೊಡಬಹುದಾ ಸರ್? ಹಲ್ಲು ಕಿತ್ತಮೇಲೆ ಕೊಡ್ತಾರಲ್ಲ" ಅಂತ ಸೊಸೆ ಕೇಳಿದರು. ಇವರಿಗೆ ತಣ್ಣನೆ ಮಜ್ಜಿಗೆ ಸಾಕು ಅಂದೆ. ಆರಿದ ರಾಗಿ ಗಂಜಿ, ಮೆತ್ತನೆ ಮೊಸರನ್ನ, ಬೇಯಿಸಿದ ಮೊಟ್ಟೆ. ಆದರೆ ಊಟ ಬಿಡಬಾರದು.

ಉಳಿದದ್ದು ಎಲೆ ಅಡಿಕೆ. ಹೊಗೆಸೊಪ್ಪು ಗಾಯಕ್ಕೆ ರಕ್ತ ಬರುವುದನ್ನೇ ತಡೆಯುತ್ತದೆ. ಪೂರ್ತಿ ಬಿಡಿ ಅಂದರೆ ಕೇಳುವವರಲ್ಲ. ಗಾಯ ಮುಚ್ಚುವ ತನಕವಾದರೂ ಅಂತ ಚೌಕಾಸಿ ಮಾಡಿದೆ. ಹತ್ತಿ ಕಚ್ಚಿಕೊಂಡೇ ಸೊಂಟದಿಂದ ಎಲೆ ಅಡಿಕೆ ಸಂಚಿ ಬಿಚ್ಚಿ ಸೊಸೆಯ ಕೈಗೆ ಕೊಟ್ಟರು.

ಮೂರನೇ ದಿನದ ಫೋನ್

ಸಕ್ಕರೆ ಕಾಯಿಲೆಯವರ ಹಲ್ಲು ಕಿತ್ತರೆ ಮೂರನೇ ದಿನ ನಮ್ಮ ಕಡೆಯಿಂದ ಒಂದು ಫೋನ್ ಹೋಗುತ್ತದೆ. ಎಲ್ಲ ಸರಿ ಇದ್ದರೆ ಆ ಹೊತ್ತಿಗೆ ನೋವು ಇಳಿಮುಖ ಆಗಿರಬೇಕು. ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ನೋವು ಕಿವಿಯ ತನಕ ಎಳೆಯುವಂತೆ ಏರಿದರೆ, ಕೀವು ಊತ ಇಲ್ಲದಿದ್ದರೆ, ಅದು ಬಹುತೇಕ ಡ್ರೈ ಸಾಕೆಟ್. ಹೆಪ್ಪು ಹೋಗಿ ಮೂಳೆ ಬರಿದಾಗಿರುತ್ತದೆ. ಅದು ಸೋಂಕಲ್ಲ, ಆಂಟಿಬಯಾಟಿಕ್ಕಿಗೆ ಬಗ್ಗುವುದೂ ಇಲ್ಲ. ತೊಳೆದು ಔಷಧಿಯ ಪಟ್ಟಿ ಇಡಬೇಕು. ಊತ ಹೆಚ್ಚುತ್ತಾ ಹೋಗುವುದು, ಜ್ವರ, ಕೆಟ್ಟ ವಾಸನೆಯ ಕೀವು, ಬಾಯಿ ತೆರೆಯಲು ಆಗದಿರುವುದು, ಇವು ಸೋಂಕು. ನುಂಗಲು ಅಥವಾ ಉಸಿರಾಡಲು ಕಷ್ಟ ಅಂದರೆ ಕ್ಲಿನಿಕ್ಕಿಗೂ ಬರಬಾರದು, ನೇರ ಆಸ್ಪತ್ರೆಗೆ ಹೋಗಬೇಕು.

ಇವುಗಳಲ್ಲಿ ಯಾವುದೂ ಇರಲಿಲ್ಲ. ಸೊಸೆ ಹೇಳಿದ್ದು ಬೇರೆಯೇ: "ನೋವು ಕಮ್ಮಿ ಆಗಿದೆ ಸರ್. ಆದ್ರೆ ಅತ್ತೆ ಬೆಳಗ್ಗೆಯಿಂದ ಬೆವರ್ತಾ ಇದ್ದಾರೆ, ಕೈ ನಡುಗ್ತಾ ಇದೆ."

ಶುಗರ್ ನೋಡಲು ಹೇಳಿದೆ. 62. ಮೂರು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ ಅಂದೆ. 96ಕ್ಕೆ ಬಂತು. ಆಮೇಲೆ ಗಂಜಿ ಕುಡಿಸಿದರು.

ಆದದ್ದು ಇಷ್ಟು. ಅನ್ನದ ಅಗುಳು ಗಾಯಕ್ಕೆ ಸೇರುತ್ತದೆ ಅನ್ನೋ ಭಯಕ್ಕೆ ಎರಡು ದಿನದಿಂದ ಮಜ್ಜಿಗೆ ಮಾತ್ರ ಕುಡಿದಿದ್ದರು. ಮಾತ್ರೆ, ಇನ್ಸುಲಿನ್ ಮಾತ್ರ ತಪ್ಪದೆ ನಡೆದಿತ್ತು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ಆ ಡೋಸ್ ಕೂಡಿಸಿದ್ದು ಕೀವು ಇದ್ದಾಗ, ಸ್ಟೆರಾಯ್ಡಿನ ಪ್ರಭಾವ ಇದ್ದಾಗ. ಈಗ ಎರಡೂ ಇಲ್ಲ. ಹಲ್ಲಿನ ಜೊತೆ ಸಕ್ಕರೆ ಏರಿಸುವ ಕಾರಣವೂ ಹೋಯಿತು, ಆಗ ಏರಿಸಿದ ಡೋಸ್ ಈಗ ಜಾಸ್ತಿ ಆಯಿತು. ಸೋಂಕಿನ ಹಲ್ಲು ತೆಗೆದ ಮೇಲಿನ ವಾರ ಶುಗರ್ ಏರುವುದನ್ನಷ್ಟೇ ಅಲ್ಲ, ಇಳಿಯುವುದನ್ನೂ ಕಾಯಬೇಕು. ನಮ್ಮಲ್ಲಿ ಇದನ್ನು ಯಾರೂ ಹೇಳಿ ಕಳಿಸುವುದಿಲ್ಲ. ಅವರ ಡಾಕ್ಟರು ಅವತ್ತೇ ಇನ್ಸುಲಿನ್ ನಿಲ್ಲಿಸಿ ಗ್ಲಿಮೆಪಿರೈಡ್ ಮತ್ತೆ 1 ಮಿ.ಗ್ರಾಂ ಮಾಡಿದರು.

ಆಮೇಲೆ

ಹಲ್ಲು ಕಿತ್ತ ಏಳನೇ ದಿನ ಹೊಲಿಗೆ ಬಿಚ್ಚಿದೆ. ಕುಳಿಯ ಒಂದು ಮೂಲೆಯಲ್ಲಿ ಊಟದ ಚೂರು ಸಿಕ್ಕಿಕೊಂಡಿತ್ತು. ಸಿರಿಂಜಿನಲ್ಲಿ ಸಲೈನ್ ಬಿಟ್ಟು ತೊಳೆದೆ. ಉಳಿದ ಜಾಗ ಕೆಂಪಗೆ, ಚೆನ್ನಾಗಿ ತುಂಬುತ್ತಿತ್ತು. ನಾಲ್ಕನೇ ವಾರಕ್ಕೆ ಮೇಲೆ ವಸಡು ಮುಚ್ಚಿತ್ತು. ಒಳಗಿನ ಮೂಳೆ ತುಂಬಲು ಇನ್ನೂ ತಿಂಗಳುಗಳು ಬೇಕು.

ನಾಲ್ಕನೇ ವಾರದ ಈ ತಪಾಸಣೆಯನ್ನು ನಾನು ಬಿಡಲ್ಲ, ಮೇಲ್ದವಡೆಯ ಹಲ್ಲಾದರಂತೂ ಬಿಡುವುದೇ ಇಲ್ಲ. 2021ರಲ್ಲಿ ಕೊರೊನಾ ಎರಡನೇ ಅಲೆಯ ಜೊತೆ ಬಂದ ಕಪ್ಪು ಶಿಲೀಂಧ್ರ ನೆನಪಿರಬಹುದು. ಆ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ಶುಗರ್ ಹಿಡಿತದಲ್ಲಿ ಇಲ್ಲದವರು, ಸ್ಟೆರಾಯ್ಡ್ ತಗೊಂಡವರು, ಇವರೇ ಅದರಲ್ಲಿ ಜಾಸ್ತಿ. ಕೆಲವರಲ್ಲಿ ಮೊದಲು ಕಂಡದ್ದೇ ಮೇಲಿನ ಹಲ್ಲು ಸಡಿಲ ಆಗುವುದು, ಅಂಗುಳು ಕಪ್ಪಾಗುವುದು. ಅಲೆ ಹೋದರೂ ಆ ಶಿಲೀಂಧ್ರ ಎಲ್ಲಿಗೂ ಹೋಗಿಲ್ಲ. ಶುಗರ್ ಇರುವವರ ಮೇಲ್ದವಡೆಯ ಗಾಯ ಮುಚ್ಚದೆ ಮೂಳೆ ಕಾಣುತ್ತಿದ್ದರೆ ಇನ್ನೊಂದು ಆಂಟಿಬಯಾಟಿಕ್ ಬರೆದು ಕಳಿಸುವುದಲ್ಲ, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು.

ಐದನೇ ವಾರದಿಂದ ವಸಡು ಕ್ಲೀನ್ ಮಾಡುವ ಕೆಲಸ ಶುರು ಮಾಡಿದೆವು. ಸುತ್ತಲೂ ಗಟ್ಟಿ ಪಾಚಿ ಕಟ್ಟಿತ್ತು. ವಸಡಿನ ಕಾಯಿಲೆಗೆ ಸರಿಯಾಗಿ ಚಿಕಿತ್ಸೆ ಮಾಡಿದರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆ ಅಂತ ಕಾಕ್ರೇನ್‌ನ ಇನ್ನೊಂದು ಪರಾಮರ್ಶೆ ಹೇಳುತ್ತದೆ. ಕೇಳಲು ಸಣ್ಣದು, ಆದರೆ ಕೆಲವರಿಗೆ ಇನ್ನೊಂದು ಮಾತ್ರೆ ಸೇರಿಸುವುದು ತಪ್ಪಬಹುದು. ಮೂರು ತಿಂಗಳಿಗೆ ಇವರ ಎಚ್‌ಬಿಎ1ಸಿ 8.1. ಅದರಲ್ಲಿ ಹಲ್ಲಿನ ಪಾಲೆಷ್ಟು, ರಾಗಿಮುದ್ದೆ ಅಳತೆ ಮಾಡಿ ತಿನ್ನಲು ಶುರು ಮಾಡಿದ್ದರ ಪಾಲೆಷ್ಟು ಅಂತ ಬಿಡಿಸಿ ಹೇಳಲಾಗದು.

ಮೇಲ್ದವಡೆಯ ಎಡಗಡೆ ಇನ್ನೊಂದು ಹಲ್ಲು ಅಲುಗಾಡುತ್ತಿದೆ. ಕೀವಿಲ್ಲ, ನೋವಿಲ್ಲ. ಅದಕ್ಕೆ ಅವಸರ ಇಲ್ಲ, ಎಚ್‌ಬಿಎ1ಸಿ ಇನ್ನೂ ಸ್ವಲ್ಪ ಇಳಿಯಲಿ ಅಂತ ಮುಂದಕ್ಕೆ ಹಾಕಿದ್ದೇವೆ. "ಈ ಸಲ ಕಾಯೋಕೆ ನನಗೇನೂ ತೊಂದ್ರೆ ಇಲ್ಲ ಡಾಕ್ಟ್ರೇ, ನೋವಿಲ್ವಲ್ಲ" ಅಂದರು. ಎಲೆ ಅಡಿಕೆ ಸಂಚಿ ಸೊಂಟಕ್ಕೆ ವಾಪಸ್ ಬಂದಿದೆ, ಹೊಗೆಸೊಪ್ಪು ಮಾತ್ರ ಇಲ್ಲ ಅಂತ ಸೊಸೆ ಹೇಳುತ್ತಾರೆ.